ಸಾಹೇಬರ ಉಬ್ಬುಮೀನು

ತೊಟ್ಟಿಯ ಗಾಜಿಗೆ ಪಾಚಿ ಹಿಡಿದದ್ದೇ ಎಲ್ಲಕ್ಕೂ ಕಾರಣವಾಯಿತು. ಪ್ರವಾಸ ಮುಗಿಸಿದ ಸಾಹೇಬರು ಸಂಜೆ ತಮ್ಮ ಮೀನನ್ನು ಒಯ್ಯಲು ಬರುವವರಿದ್ದರು. ಗೋದಾಮಿನ ಗುಮಾಸ್ತ ಬೆಳಿಗ್ಗೆ ಎದ್ದು ನೋಡಿದರೆ ಗಾಜು ಮುದಿ ಎತ್ತಿನ ಕಣ್ಣಿನ ಹಾಗೆ ಮಂಜಾಗಿತ್ತು. ಅದರ ಹಿಂದಿನಿಂದ ಉಬ್ಬುಮೀನು ಅವನನ್ನೇ ನೋಡುತ್ತಿತ್ತು.

ಸಾಹೇಬರ ಭಾಮೈದ ಸಮುದ್ರದಲ್ಲಿ ಬಲೆ ಬೀಸಿ ಹಿಡಿದು ತಂದ ಮೀನು ಅದು. ಮುಷ್ಟಿಯಷ್ಟು ಮೈ, ಒಂದೊಂದು ಒಂದೊಂದು ದಿಕ್ಕಿಗೆ ಹೊರಳುವ ಕಣ್ಣು, ಇಕ್ಕಳದಂಥ ಹಲ್ಲು. ಅದು ಏಡಿಯ ಕಾಲನ್ನು ಕಟಕಟನೆ ಮುರಿಯುವಾಗ ಗುಮಾಸ್ತ ತನ್ನ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಳ್ಳುತ್ತಿದ್ದ. ತೊಟ್ಟಿ ಗುಮಾಸ್ತನ ಮನೆಗೆ ಬಂದ ದಿನವೇ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಬಂದು, "ಇದರ ಹೊಟ್ಟೇಲಿರೋ ವಿಷ ನಮ್ಮ ಇಡೀ ಬೀದಿಗೆ ಸಾಕು ಕಣ್ರೀ" ಎಂದು ಹೇಳಿ, ನೆಮ್ಮದಿಯಾಗಿ ಚಹಾ ಕುಡಿದು ಹೋಗಿದ್ದ.

ವಿಷಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ದೂರದ ಉಪ್ಪಿನ ಗೋದಾಮಿಗೆ ಒಬ್ಬರನ್ನು ವರ್ಗ ಮಾಡಬೇಕಾಗಿತ್ತು. ಯಾರನ್ನು ಎಂಬುದು ಸಾಹೇಬರ ಮರ್ಜಿ. ಅಲ್ಲಿ ಕುಡಿಯುವ ನೀರಿಗೂ ಪರದಾಟ. ಮನೆಯಲ್ಲಿ ಇನ್ನೂ ಹಲ್ಲು ಬಾರದ ಕೂಸು. ಇಂಥ ಹೊತ್ತಿನಲ್ಲಿ ಸಾಹೇಬರು ಕರೆದು, "ಇದು ನಮ್ಮ ಮನೆಯವಳ ಜೀವ. ನಾವು ಬರೋತನಕ ನಿನ್ನ ಹತ್ರ ಇರ್ಲಿ" ಎಂದಿದ್ದರು. ಅದು ಉಳಿದರೆ ತಾನೂ ಉಳಿದ ಹಾಗೆ ಎಂದು ಗುಮಾಸ್ತ ಅಂದೇ ತೀರ್ಮಾನಿಸಿದ್ದ.

"ಈ ಗಾಜು ನೋಡಿದ್ರೆ ಸಾಹೇಬ್ರು ನಿಮ್ಮನ್ನ ಬಿಡ್ತಾರಾ?" ಕಾಂಪೌಂಡರ್ ಕಿಟಕಿಯಿಂದಲೇ ಕೇಳಿದ. "ಮೀನನ್ನ ಎತ್ತಿ ಬಕೆಟ್ಟಿಗೆ ಹಾಕಿ, ಗಾಜು ಉಜ್ಜಿ ಬಿಡಿ."

ಗುಮಾಸ್ತ ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿಕೊಂಡ. ಎರಡೂ ಕೈಗೆ ಚೀಲ ಕಟ್ಟಿಕೊಂಡು, ಅಡಿಗೆಮನೆಯ ಜರಡಿಯಿಂದ ಮೀನನ್ನು ಮೇಲಕ್ಕೆತ್ತಿದ. ಗಾಳಿ ತಾಗಿದ್ದೇ ತಡ, ಅದು ಗುಟುಕು ಗುಟುಕಾಗಿ ಗಾಳಿ ನುಂಗಿ, ನೋಡನೋಡುತ್ತ ಚೆಂಡಿನಷ್ಟಾಯಿತು. ಬೆಚ್ಚಿದ ಗುಮಾಸ್ತ ಅದನ್ನು ಬಕೆಟ್ಟಿಗೆ ಕೆಡವಿದ. ಮೀನು ಮುಳುಗಲಿಲ್ಲ. ಹೊಟ್ಟೆ ಮೇಲೆ ಮಾಡಿಕೊಂಡು ತೇಲಿತು.

"ಗಾಳಿ ಒಳಗೆ ಸಿಕ್ಕಿಕೊಂಡಿದೆ. ಹೀಗೇ ಬಿಟ್ರೆ ಹೋಯ್ತು ಅಂತ್ಲೇ ಲೆಕ್ಕ," ಎಂದ ಕಾಂಪೌಂಡರ್. ಈಗ ಅವನು ಒಳಗೇ ಬಂದಿದ್ದ.

ಎದುರುಮನೆಯ ದರ್ಜಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಂದ. "ಒಂದು ಸೂಜಿ ಚುಚ್ಚಿದ್ರೆ ಗಾಳಿ ಹೋಗತ್ತೆ. ಸಣ್ಣ ಸೂಜಿ. ಆಮೇಲೆ ನಾನೇ ಹೊಲಿದು ಕೊಡ್ತೀನಿ."

"ನಿನ್ನ ಸೂಜಿ ಮುರಿದು ಒಳಗಿನ ವಿಷ ಚಿಮ್ಮಿದ್ರೆ? ಮೊದಲು ಹೋಗೋನು ನೀನೇ," ಎಂದ ಕಾಂಪೌಂಡರ್.

ದರ್ಜಿ ಮೂರು ಹೆಜ್ಜೆ ಹಿಂದೆ ಸರಿದ. ಮೀನಿನ ಕಿವಿರು ಆಡುವುದು ನಿಧಾನವಾಗುತ್ತಿತ್ತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಅದು ಗೋಡೆ ಹತ್ತುವಷ್ಟರಲ್ಲಿ ಸಾಹೇಬರ ಕಾರು ಬೀದಿಗೆ ತಿರುಗುತ್ತದೆ. ಉಪ್ಪಿನ ಗೋದಾಮಿನ ತಗಡಿನ ಮಾಡು ಅವನ ಕಣ್ಣ ಮುಂದೆ ಬಂದು ನಿಂತಿತು.

ಹೆಂಡತಿ ಕೂಸನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತ ಬಂದಳು. ಕೂಸು ತೇಗಿತು. ಅವಳು ಬಕೆಟ್ಟನ್ನೂ ಕೂಸನ್ನೂ ಒಮ್ಮೆ ನೋಡಿ, "ಏನ್ರೀ, ಇವನನ್ನ ಹಿಡ್ಕೊಳ್ಳಿ" ಎಂದಳು.

"ಮುಟ್ಟಬೇಡ ಕಣೇ, ಕಚ್ಚತ್ತೆ."

"ನೀವು ಕೂಸನ್ನ ಕೆಳಗೆ ಹಾಕಬೇಡಿ, ಅಷ್ಟು ಸಾಕು."

ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅವಳು ಮೀನನ್ನು ನೀರಿನೊಳಗೆ ಅದುಮಿದಳು. ಬಾಯಿ ಮೇಲೆ, ಬಾಲ ಕೆಳಗೆ ಮಾಡಿ ನೆಟ್ಟಗೆ ಹಿಡಿದು, ಹೊಟ್ಟೆಯನ್ನು ಮೆಲ್ಲಗೆ ಅಲುಗಿಸಿದಳು. ಒಂದು ಗುಳ್ಳೆ ಎದ್ದಿತು. ಇನ್ನೊಂದು. ಆಮೇಲೆ ಗುಳುಗುಳು ಎಂದು ಗಾಳಿಯೆಲ್ಲ ಹೊರಬಿದ್ದು, ಮೀನು ಮುದುಡಿ ಮೊದಲಿನ ಮುಷ್ಟಿಯಷ್ಟಾಗಿ ತಳಕ್ಕಿಳಿಯಿತು. ಗುಮಾಸ್ತ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತ. ಕೂಸು ಅವನ ಅಂಗಿ ಒದ್ದೆ ಮಾಡಿತು, ಅದೂ ಹಿತವೆನಿಸಿತು.

ಸಂಜೆ ಸಾಹೇಬರ ಹೆಂಡತಿ ಚಪ್ಪಲಿ ಬಿಡುವುದನ್ನೂ ಮರೆತು ತೊಟ್ಟಿಯ ಮುಂದೆ ಮಂಡಿಯೂರಿದರು. ಗಾಜು ಥಳಥಳಿಸುತ್ತಿತ್ತು. ಮೀನು ಬಾಲ ಆಡಿಸುತ್ತ ಅವರ ಮುಖದ ಬಳಿಗೇ ಬಂತು. ಸಾಹೇಬರು ಮಾತ್ರ ಬಾಗಿಲಲ್ಲೇ ನಿಂತಿದ್ದರು. ಮುಖ ಬಿಳುಚಿಕೊಂಡಿತ್ತು. ಅವರು ಕಣ್ಣಿನಲ್ಲೇ ಗುಮಾಸ್ತನನ್ನು ಹೊರಗೆ ಕರೆದರು.

"ಬದುಕಿದೆ," ಎಂದರು.

"ನಿಮ್ಮ ಆಶೀರ್ವಾದ ಸಾರ್."

"ಏನಯ್ಯಾ ಆಶೀರ್ವಾದ?" ಸಾಹೇಬರು ಬ್ಯಾಂಡೇಜು ಸುತ್ತಿದ ತೋರುಬೆರಳನ್ನು ಅವನ ಮುಖಕ್ಕೆ ಹಿಡಿದರು. "ಪ್ರವಾಸಕ್ಕೆ ಮುಂಚೆ ಕಚ್ಚಿದ್ದು, ಇನ್ನೂ ಮಾಗಿಲ್ಲ. ಮಲಗೋ ಕೋಣೇಲಿ ಇಟ್ಕೊಂಡಿದಾಳೆ ಅದನ್ನ. ಕತ್ತಲೇಲಿ ನನ್ನನ್ನೇ ನೋಡ್ತಾ ಇರತ್ತೆ. ಅದು ಮನೇಲಿದ್ದಷ್ಟು ದಿನ ನಾನು ಕಣ್ಣು ಮುಚ್ಚಿಲ್ಲ, ಗೊತ್ತಾ? ನನ್ನ ಕೈಯಾರೆ ಏನಾದ್ರೂ ಮಾಡಿದ್ರೆ ಅವಳಿಗೆ ತಿಳಿಯತ್ತೆ. ಅದಕ್ಕೇ ಆಫೀಸಲ್ಲಿ ವಿಚಾರಿಸಿದೆ, ಯಾರ ಕೈಗೆ ಕೊಟ್ರೆ ಏನೂ ಉಳಿಯಲ್ಲ ಅಂತ. ಕೇಳಿದವರೆಲ್ಲ ನಿನ್ನನ್ನೇ ತೋರಿಸಿದ್ರು." ಅವರು ಬೆರಳನ್ನು ಕೆಳಗಿಳಿಸಿದರು. "ನಿನ್ನನ್ನ ನಂಬಿದ್ದೆ ಕಣಯ್ಯಾ."

ಗುಮಾಸ್ತ ತನ್ನ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡ.

ಒಳಗಿನಿಂದ ಹಿಗ್ಗಿನ ದನಿ ಕೇಳಿಸಿತು. "ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಪ್ಪಾ. ನಮ್ಮ ಯಜಮಾನರು ನಿಮ್ಮನ್ನ ಮರೆಯೋದೇ ಇಲ್ಲ."

"ಇಲ್ಲ," ಎಂದರು ಸಾಹೇಬರು, ಗುಮಾಸ್ತನ ಮುಖದಿಂದ ಕಣ್ಣು ತೆಗೆಯದೆ. "ಮರೆಯೋದೇ ಇಲ್ಲ."