ಒಂದು ಪೆಟ್ಟು ಹೆಚ್ಚುಂಟು

ನನ್ನ ಸೋದರಮಾವನಿಗೆ ಎಡಗಿವಿ ಮುಕ್ಕಾಲು ಪಾಲು ಕೇಳಿಸುವುದಿಲ್ಲ, ಬಲಗಿವಿ ಅರ್ಧ ಪಾಲು ಕೇಳಿಸುವುದಿಲ್ಲ. ಕೂಡಿಸಿ ಕಳೆದರೆ ಒಟ್ಟು ಮುಕ್ಕಾಲು ಕಿವಿ ಉಳಿಯಿತು. ಆ ಮುಕ್ಕಾಲು ಕಿವಿಯಲ್ಲೇ ಮನುಷ್ಯ ಪುಸ್ತಕ ಓದುವುದು! ಕಣ್ಣಲ್ಲಿ ಓದುವವರನ್ನು ನೀವು ನೋಡಿದ್ದೀರಿ, ತುಟಿ ಕುಣಿಸುತ್ತಾ ಓದುವವರನ್ನೂ ನೋಡಿರಬಹುದು. ತೊಡೆಯ ಮೇಲೆ ಎರಡು ಕೋಲು ಬಡಿಯುತ್ತಾ ಕಾದಂಬರಿ ಓದುವವರನ್ನು ನೋಡಬೇಕಿದ್ದರೆ ಮಾತ್ರ ಅವರ ಊರು ಪಂಜಕ್ಕೇ ಬರಬೇಕು. ನನ್ನ ಹತ್ತಿರ ವಿಳಾಸ ಕೇಳಬೇಡಿ. ಕೊಡುವ ಯೋಗ್ಯತೆ ನನಗಿಲ್ಲ. ಯಾಕೆ ಎನ್ನುವುದನ್ನು ಹೇಳಲಿಕ್ಕೆಂದೇ ಕೂತಿದ್ದೇನೆ, ಆದರೆ ನಾಚಿಕೆಯ ವಿಷಯ ನೋಡಿ, ಸ್ವಲ್ಪ ಸುತ್ತು ಬಳಸಿ ಬರುತ್ತೇನೆ.

ಮಾವನಿಗೆ ಪ್ರಾಯ ಐವತ್ತನಾಲ್ಕು. ತಲೆಯ ಮುಂದೆ ಬೋಳು, ಹಿಂದೆ ಜುಟ್ಟು. ಬೆಳಗ್ಗೆ ರಬ್ಬರ್ ಮರಗಳ ಟ್ಯಾಪಿಂಗ್, ಮಧ್ಯಾಹ್ನ ಓದು ಬರಹ, ಸಂಜೆ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್! ಬ್ಯಾಂಡಿನ ಉಳಿದ ಮೂವರು ಪುತ್ತೂರಿನ ಹುಡುಗರು, ಅವರ ಅರ್ಧ ಪ್ರಾಯದವರು. ಅವರೂ ಇವರನ್ನು ಮಾವ ಎಂದೇ ಕರೆಯುವುದು. ಆ ಹುಡುಗರು ಅರಚುವ ಪದ್ಯಗಳನ್ನೆಲ್ಲ ಬರೆದುಕೊಡುವವರೂ ಇವರೇ. ಒಂದು ಪದ್ಯ ಪೂರ್ತಿ ಕಟ್ಟಿರುವೆಯ ಬಗ್ಗೆ. ಬರೆದಾಗ ಅದೊಂದು ಚಂದದ ಕವನವಾಗಿತ್ತು, ಹಾಡಿದಾಗ ಹಾಡುವವನಿಗೇ ಕಟ್ಟಿರುವೆ ಕಚ್ಚಿದ ಹಾಗೆ ಕೇಳುತ್ತದೆ.

"ಮಾವ, ಇದನ್ನೂ ಅದನ್ನೂ ಒಟ್ಟಿಗೆ ಹೇಗೆ ಸಂಭಾಳಿಸ್ತೀರಿ?" ಎಂದು ನಾನೊಮ್ಮೆ ಕೇಳಿದ್ದೆ.

"ಸಂಭಾಳಿಸುದು ಎಲ್ಲಿ ಮಾರಾಯ್ತಿ? ಪುಸ್ತಕದವರು ನನ್ನನ್ನು ಡ್ರಮ್ಮಿನವ ಅಂತಾರೆ, ಡ್ರಮ್ಮಿನವರು ಪುಸ್ತಕದವ ಅಂತಾರೆ. ಎರಡು ಕಡೆಯವರೂ ಊಟಕ್ಕೆ ಕರೆಯುದಿಲ್ಲ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಈಗ ಯೋಚಿಸಿದರೆ ನಗಬಾರದಿತ್ತು.

ಟ್ಯಾಪಿಂಗ್ ಎಂದರೆ ಗೊತ್ತಲ್ಲ? ಬೆಳಕು ಹರಿಯುವ ಮೊದಲೇ ಹೋಗಿ ಮರದ ತೊಗಟೆ ಕೆತ್ತಿ ಬರಬೇಕು. ರಬ್ಬರ್ ಹಾಲು ತೊಟ್ಟಿಕ್ಕಿ, ಮರಕ್ಕೆ ಕಟ್ಟಿದ ಗೆರಟೆ ತುಂಬಲು ಎರಡು ಮೂರು ಗಂಟೆ ಬೇಕು. ಬೇರೆಯವರು ಆ ಹೊತ್ತಿಗೆ ಮನೆಗೆ ಬಂದು ದೋಸೆ ತಿನ್ನುತ್ತಾರೆ. ಮಾವ ಅಲ್ಲೇ ಮರದ ಬುಡದಲ್ಲಿ ಕೂತು ಪುಸ್ತಕ ತೆರೆಯುತ್ತಾರೆ. ಕಥೆ ರಂಗೇರಿತೋ, ಹಾಲು ಕೆಟ್ಟಿತು! ಇವರು ಅಧ್ಯಾಯ ಮುಗಿಸಿ ಏಳುವಷ್ಟರಲ್ಲಿ ಹಾಲು ಗೆರಟೆಯಲ್ಲೇ ಗಟ್ಟಿಯಾಗಿ, ಅರ್ಧ ಬೆಲೆಯ ಸ್ಕ್ರ್ಯಾಪಿಗೆ ಹೋಗಿರುತ್ತದೆ. ಹಾಗಾಗಿ ಮಾವನ ಹೆಂಡತಿ, ನನ್ನ ಅತ್ತೆ, ಬೆಳಗಿನ ಜಾವ ಬಾಗಿಲಲ್ಲೇ ತಪಾಸಣೆಗೆ ನಿಲ್ಲುತ್ತಾರೆ. ಕತ್ತಿ ಹರಿತ ಉಂಟಾ, ಬಕೆಟ್ ಉಂಟಾ ಎಂದಲ್ಲ. ಪುಸ್ತಕ ಎಷ್ಟು ದಪ್ಪ ಉಂಟು ಎಂದು!

"ಇದೆಂತದು, ಐನೂರು ಪುಟದ್ದಾ? ಇಲ್ಲಿಡಿ. ಇವತ್ತು ಬಿಸಿಲು ಜಾಸ್ತಿ ಬರ್ಲಿಕ್ಕುಂಟು, ಹಾಲು ಬೇಗ ಗಟ್ಟಿ ಆಗ್ತದೆ, ಕವನ ಸಂಕಲನ ಕೊಂಡುಹೋಗಿ."

ಕನ್ನಡ ಕಾವ್ಯಕ್ಕೆ ನಮ್ಮ ಅತ್ತೆಯಷ್ಟು ಪ್ರೋತ್ಸಾಹ ಕೊಟ್ಟವರು ಕಡಿಮೆ.

ಬ್ಯಾಂಡಿನವರ ಅಭ್ಯಾಸ ನಡೆಯುವುದು ಎಲ್ಲಿ ಎಂದುಕೊಂಡಿರಿ? ರಬ್ಬರ್ ಶೀಟು ಒಣಗಿಸುವ ಹೊಗೆಮನೆಯಲ್ಲಿ! ಬೆಂಕಿ ಹಾಕದ ದಿನ ನಾಲ್ಕು ಮಂದಿ ಒಳಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ಒಗೆದ ಬಟ್ಟೆಯ ಹಾಗೆ ಸಾಲಾಗಿ ತೂಗುವ ಶೀಟುಗಳು ಶಬ್ದವನ್ನು ನುಂಗುತ್ತವಂತೆ. ಎಷ್ಟು ನುಂಗುತ್ತವೋ ಗೊತ್ತಿಲ್ಲ, ನೆರೆಮನೆಯ ದನ ಮಾತ್ರ ಆ ಹೊತ್ತಿಗೆ ಹಾಲು ಕೊಡುವುದಿಲ್ಲ. "ಶೀಟು ಒಣಗುದು ಹೊಗೆಗೆ ಅಲ್ಲ, ಇವರ ಪದ್ಯಕ್ಕೆ ಹೆದರಿ" ಎನ್ನುತ್ತಾರೆ ಅತ್ತೆ. ಆ ನಾಲ್ವರು ಎಲ್ಲಿಗೆ ಹೋದರೂ ಹೊಗೆ ಮತ್ತು ರಬ್ಬರಿನ ವಾಸನೆ ಅವರಿಗಿಂತ ಮೊದಲು ಹೋಗಿ ಕೂತಿರುತ್ತದೆ.

ಒಮ್ಮೆ ಕಲ್ಲುಗುಂಡಿಯಲ್ಲಿ ಒಂದು ಮದುವೆಯ ರಿಸೆಪ್ಷನ್ನಿಗೆ ಇವರ ಬ್ಯಾಂಡನ್ನು ಕರೆದಿದ್ದರು. ಮದುಮಗನ ಗೆಳೆಯರ ಹಠ, ಪಾಪ. ನಾನೂ ಆ ಮದುವೆಗೆ ಹೋಗಿದ್ದೆ, ಹೆಣ್ಣಿನ ಕಡೆಯಿಂದ. ಒಂದು ಪದ್ಯಕ್ಕೂ ಇನ್ನೊಂದಕ್ಕೂ ನಡುವೆ ಗಿಟಾರಿನವರು ತಂತಿ ಬಿಗಿ ಮಾಡಿಕೊಳ್ಳುತ್ತಾರಲ್ಲ, ಆ ಎರಡು ನಿಮಿಷದಲ್ಲಿ ಮಾವ ಡ್ರಮ್ಮಿನ ಹಿಂದೆ ಬಗ್ಗಿ ಪುಸ್ತಕ ತೆರೆಯುವುದು, ಕನ್ನಡಕ ಏರಿಸುವುದು, ಅರ್ಧ ಪುಟ ಓದುವುದು, ಮುಚ್ಚುವುದು, ಮತ್ತೆ ಧಡಧಡ ಬಡಿಯುವುದು. ಮದುಮಗಳ ಅಜ್ಜ ಎದುರಿನ ಸಾಲಿನಲ್ಲಿ ಕೂತು ಬಹಳ ಹೊತ್ತು ಇದನ್ನು ಗಮನಿಸಿದರು. ಕೊನೆಗೆ ನನ್ನ ಕಡೆ ತಿರುಗಿ ಗಂಭೀರವಾಗಿ ಕೇಳಿದರು:

"ಅಲ್ಲ ಮಾರಾಯ್ತಿ, ಆ ಹಿಂದೆ ಕೂತವರು ಪಂಚಾಂಗ ನೋಡಿಯೇ ಬಡಿಯುದಾ?"

ಅದೇ ಸಂಜೆ ಮಾವನಿಗೆ ನಡುವೆ ಏನೋ ಒಂದು ಸಾಲು ಹೊಳೆಯಿತು. ಕಾಗದ ಇರಲಿಲ್ಲ, ಪುಸ್ತಕದಲ್ಲಿ ಗೀಚುವವರಲ್ಲ. ಜೇಬಿನಿಂದ ಪೆನ್ನು ತೆಗೆದು ಡ್ರಮ್ಮಿನ ಚರ್ಮದ ಮೇಲೆ ಬರೆದರು. ಮುಂದಿನ ಪದ್ಯ ಶುರುವಾಯಿತು, ಬಡಿದರು. ಮುಗಿಯುವಾಗ ಸಾಲೂ ಇಲ್ಲ, ಶಾಯಿಯೂ ಇಲ್ಲ! "ಎಂತ ಬರೆದದ್ದು ಮಾವ?" ಎಂದರೆ, "ನೆನಪಿಲ್ಲ. ಒಳ್ಳೆದಿತ್ತು" ಎಂದರು. ಹೀಗೆ ಎಷ್ಟು ಸಾಲುಗಳನ್ನು ಸ್ವಂತ ಕೈಯಿಂದ ಬಡಿದು ಅಳಿಸಿದ್ದಾರೋ. ಅವರದ್ದೆಂದು ಒಂದು ಪುಸ್ತಕವೂ ಬರಲಿಲ್ಲ.

ಅವತ್ತು ಆ ಅಜ್ಜ "ನಿನಗೆ ಅವರ ಗುರ್ತ ಉಂಟಾ?" ಎಂದೂ ಕೇಳಿದ್ದರು. ನಾನು ಪಾಯಸದ ಕಡೆ ನೋಡುತ್ತಾ "ನೋಡಿದ ಹಾಗೆ ಉಂಟು" ಎಂದೆ. ಅದು ಮೊದಲನೆಯ ಸುಳ್ಳು.

ನನ್ನ ಗಂಡನ ಮನೆ ಅಜ್ಜಾವರದಲ್ಲಿ. ಶಿಸ್ತಿನ ಜನ. ರಾಕ್ ಎಂದರೆ ಗಾಂಜಾ, ಗಾಂಜಾ ಎಂದರೆ ಪೊಲೀಸ್ ಎಂದು ನೇರ ದಾರಿಯಲ್ಲಿ ಯೋಚಿಸುವವರು. ನನ್ನ ಮದುವೆಯ ಹೊಸತರಲ್ಲಿ ಗಂಡನ ತಾಯಿ "ನಿನ್ನ ಸೋದರಮಾವನಿಗೆ ಎಂತ ಕೆಲಸ?" ಎಂದು ಕೇಳಿದಾಗ ನಾನು "ರಬ್ಬರ್" ಎಂದೆ. "ಮತ್ತೆ?" ಎಂದರು. "ತುಂಬ ಓದ್ತಾರೆ" ಎಂದೆ. ಸುಳ್ಳೇನಲ್ಲವಲ್ಲ? ದಿನದ ಮೂರು ಪಾಲಿನಲ್ಲಿ ಎರಡು ಪಾಲು ಹೇಳಿದೆ, ಮೂರನೆಯದನ್ನು ನುಂಗಿದೆ. ಹೊಗೆಮನೆಯ ಶೀಟಿಗಿಂತ ಚೆನ್ನಾಗಿ ನುಂಗಿದೆ.

ಇನ್ನು ನನ್ನ ವಿಷಯ. ಕಡಬದಲ್ಲಿ ಹೈಸ್ಕೂಲು ಟೀಚರ್. ಹತ್ತು ವರ್ಷಗಳಿಂದ ನಗೆಬರಹ ಬರೆಯುತ್ತೇನೆ. ಮೊದಲ ಪ್ರಬಂಧ ಬರೆದು ಮಾವನಿಗೆ ತೋರಿಸಿದಾಗ ಅವರು ಪ್ಲಾಸ್ಟಿಕ್ ಸ್ಟೂಲೊಂದನ್ನು ಕವುಚಿ ಹಾಕಿ, ಎರಡು ಕೋಲು ಹಿಡಿದು, "ಓದು" ಎಂದರು. ನಾನು ಓದಿದೆ, ಅವರು ಬಡಿಯುತ್ತಾ ಹೋದರು. ಮೂರನೆಯ ವಾಕ್ಯಕ್ಕೆ ಕೋಲು ನಿಂತಿತು.

"ಇಲ್ಲಿ ಒಂದು ಪೆಟ್ಟು ಹೆಚ್ಚುಂಟು."

"ಎಂತ ಮಾವ?"

"'ಬಹಳವೇ ಸುಂದರವಾದ' ಅಂತ ಉಂಟಲ್ಲ, ಅದರಲ್ಲಿ 'ಬಹಳವೇ' ಎಂತಕ್ಕೆ? ತೆಗೆ. ಈಗ ಓದು."

ತೆಗೆದು ಓದಿದೆ. ವಾಕ್ಯ ಸರಿಯಾಗಿ ಕೂತಿತು. ಅಂದಿನಿಂದ ನನ್ನ ಒಂದೊಂದು ಪ್ರಬಂಧವೂ ಆ ಸ್ಟೂಲಿನ ಮೇಲೆ ಪೆಟ್ಟು ತಿಂದೇ ಅಚ್ಚಿಗೆ ಹೋದದ್ದು. ಮಾವ ಯಾವ ಪದ ಬೇಕು ಎಂದು ಹೇಳಿದವರಲ್ಲ, ಯಾವುದು ಬೇಡ ಎಂದು ಮಾತ್ರ ಹೇಳುತ್ತಿದ್ದರು. ಓದಿದವರೆಲ್ಲ "ನಿಮ್ಮ ಗದ್ಯಕ್ಕೆ ಎಂಥ ಲಯ!" ಎಂದು ಹೊಗಳುವಾಗ ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ.

ಮತ್ತೆ ನಾನು ಬರೆಯುತ್ತಿದ್ದುದು ಯಾರ ಬಗ್ಗೆ? ಅವರ ಬಗ್ಗೆಯೇ! ಜುಟ್ಟಿನ ಬಗ್ಗೆ, ಕಿವಿಯ ಬಗ್ಗೆ, ಗಟ್ಟಿಯಾದ ಹಾಲಿನ ಬಗ್ಗೆ. 'ಒಬ್ಬ ಮಾವ' ಎಂದಷ್ಟೇ ಬರೆದು, ಆ ಮನುಷ್ಯನನ್ನು ಎಷ್ಟು ಪೆದ್ದನನ್ನಾಗಿ ಮಾಡಬಹುದೋ ಅಷ್ಟೂ ಮಾಡಿದೆ. ಊರ ಜನ ಬಿದ್ದು ಬಿದ್ದು ನಕ್ಕರು. ಅಂಥ ಒಂದು ಪ್ರಬಂಧವನ್ನು ಅವರೆದುರೇ ಓದುವಾಗ ಆದಷ್ಟು ಬೇಗ ಬೇಗ ಓದಿದೆ. ಮಾವ ಬಡಿಯುತ್ತಾ ಬಂದು ಕೋಲು ನಿಲ್ಲಿಸಿದರು. ಬೈಗುಳ ಬಂತು ಎಂದುಕೊಂಡೆ.

"ಇಲ್ಲಿ ನಾನು ಇನ್ನೂ ಸ್ವಲ್ಪ ಪೆದ್ದ ಆಗ್ಬೇಕು. ಇಲ್ಲದಿದ್ರೆ ನಗು ಬರ್ಲಿಕ್ಕೆ ತಡ ಆಗ್ತದೆ" ಎಂದರು.

ಕಳೆದ ವರ್ಷ ಆ ಪ್ರಬಂಧಗಳೆಲ್ಲ ಸೇರಿ ಪುಸ್ತಕವಾಯಿತು. ಪುತ್ತೂರಿನ ಒಂದು ಸಭಾಭವನದಲ್ಲಿ ಬಿಡುಗಡೆ. ನಾನು ಮಾವನನ್ನು ಕರೆಯಲಿಲ್ಲ ಎಂದರೆ ಸರಿಯಲ್ಲ. ತಾರೀಕು ಹೇಳಿದ್ದೆ. ಹೇಳಿದ ಉಸಿರಿನಲ್ಲೇ "ನಿಮಗೆ ಆ ದಿನ ಪ್ರಾಕ್ಟೀಸ್ ಇರಬಹುದು ಅಲ್ವಾ?" ಎಂದೂ ನಾನೇ ಹೇಳಿದ್ದೆ. ಮಾವ ಒಂದು ಕ್ಷಣ ನನ್ನ ಮುಖ ನೋಡಿ, "ಹೌದು, ಉಂಟು" ಎಂದಿದ್ದರು.

ಆದರೆ ಹಿಂದಿನ ದಿನ ಮೈಕಿನವನು ಕೈಕೊಟ್ಟ. ಸಂಘಟಕರು ಯಾರ್ಯಾರಿಗೋ ಫೋನು ಮಾಡಿದ ಮೇಲೆ, ಸ್ವಂತ ಮೈಕ್ ಸೆಟ್ ಇರುವ ಮಾವನ ಬ್ಯಾಂಡಿನ ಹುಡುಗರ ನಂಬರು ಸಿಕ್ಕಿತು. ಮರುದಿನ ನಾನು ರೇಷ್ಮೆ ಸೀರೆ ಉಟ್ಟು, ಗಂಡ, ಗಂಡನ ತಾಯಿ, ಅಜ್ಜಾವರದ ಹನ್ನೆರಡು ಮಂದಿಯೊಂದಿಗೆ ಒಳಗೆ ಕಾಲಿಟ್ಟರೆ, ಹೊಗೆ ಮತ್ತು ರಬ್ಬರಿನ ವಾಸನೆ! ವೇದಿಕೆಯ ಮೇಲೆ ಕಪ್ಪು ಟೀ ಶರ್ಟು, ಎದೆಯ ಮೇಲೆ ತಲೆಬುರುಡೆಯ ಚಿತ್ರ, ಜುಟ್ಟು. ಮಾವ ಮೊಣಕಾಲೂರಿ ನನ್ನ ಮೈಕಿನ ಎತ್ತರ ಸರಿಮಾಡುತ್ತಿದ್ದರು.

"ಅದಾರು?" ಎಂದು ಕೇಳಿದರು ಗಂಡನ ತಾಯಿ. ನನ್ನ ಮದುವೆಯ ದಿನ ಪಂಚೆ ಶಲ್ಯದಲ್ಲಿ ನೋಡಿದ್ದ ಮಾವನನ್ನು ಅವರು ಗುರುತಿಸಲಿಲ್ಲ.

"ಮೈಕಿನವರು" ಎಂದೆ. ನನ್ನ ಗಂಡ ನನ್ನನ್ನೇ ನೋಡಿದರು. ನಾನು ಸೀರೆಯ ನೆರಿಗೆ ನೋಡಿಕೊಂಡೆ. ಎಷ್ಟನೆಯದು ಇದು? ಲೆಕ್ಕ ತಪ್ಪಿತು.

ಕಾರ್ಯಕ್ರಮ ಚಂದವಾಯಿತು. ಮಾವ ಹಿಂದಿನ ಗೋಡೆಯ ಹತ್ತಿರ, ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಸೌಂಡಿನ ಪೆಟ್ಟಿಗೆಯ ಎದುರು ಕೂತಿದ್ದರು. ಅಧ್ಯಕ್ಷರು ನನ್ನ ಗದ್ಯದ ಲಯ ಎಲ್ಲಿಂದ ಬಂತು ಎಂದು ಕೇಳಿದರು. ನಾನು ಹೇಳಿದೆ, "ನನ್ನ ಅಜ್ಜನಿಂದ. ಚಿಕ್ಕಂದಿನಲ್ಲಿ ಅವರ ಮಡಿಲಲ್ಲಿ ಕೂತು ತಾಳಮದ್ದಳೆ ಕೇಳಿದ್ದೆ." ಚಪ್ಪಾಳೆ! ನನ್ನ ಅಜ್ಜ, ಅಂದರೆ ಮಾವನ ಅಪ್ಪ, ತಾಳಮದ್ದಳೆಗೆ ಹೋಗುತ್ತಿದ್ದುದು ನಿಜ. ಅಲ್ಲಿ ಕೊಡುವ ಅವಲಕ್ಕಿ ಚಹಾ ಮುಗಿದ ಕೂಡಲೇ ಗೊರಕೆ ಹೊಡೆಯುತ್ತಿದ್ದುದೂ ನಿಜ. ಮಡಿಲಲ್ಲಿ ಕೂರಿಸಿಕೊಂಡದ್ದು ಮಾತ್ರ ನಾನು ಆಗಲೇ ಹುಟ್ಟಿಸಿದ್ದು.

ಆಮೇಲೆ ಮೂರನೆಯ ಸಾಲಿನಿಂದ ಪ್ರಾಯದ ಒಬ್ಬ ಅಮ್ಮ ಎದ್ದು ನಿಂತರು. ಕೈಯಲ್ಲಿ ನನ್ನ ಪುಸ್ತಕವಿತ್ತು. "ನಂಗೆ ಒಂದೇ ಕೇಳ್ಲಿಕ್ಕುಂಟು ಮಗಾ. ಈ ಮಾವ ನಿಜವಾಗಿ ಇದ್ದಾರಾ? ಇದ್ರೆ ಒಮ್ಮೆ ನೋಡ್ಬೇಕಿತ್ತು. ತುಂಬ ಒಳ್ಳೆಯವರ ಹಾಗೆ ಕಾಣ್ತಾರೆ."

ನಾನು ಹತ್ತು ವರ್ಷ ಅವರನ್ನು ಪೆದ್ದರನ್ನಾಗಿ ಬರೆದರೆ ಈ ಅಮ್ಮನಿಗೆ ಒಳ್ಳೆಯತನ ಕಂಡಿತ್ತು! ಎರಡನೆಯ ಸಾಲಿನಲ್ಲಿ ಗಂಡನ ತಾಯಿ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಗೋಡೆಯ ಕಡೆ ನಾನು ನೋಡಲಿಲ್ಲ.

"ಇಲ್ಲ" ಎಂದೆ. "ಪೂರ್ತಿ ಕಲ್ಪನೆ."

ಕಾರ್ಯಕ್ರಮ ಮುಗಿಯಿತು. ಜನರೆಲ್ಲ ಊಟಕ್ಕೆ ಹೋದ ಮೇಲೆ ಮಾವ ಒಬ್ಬರೇ ವಯರ್ ಸುತ್ತುತ್ತಾ ಇದ್ದರು. ಇರುವುದೇ ಮುಕ್ಕಾಲು ಕಿವಿ, ಆ ಗದ್ದಲದಲ್ಲಿ ಕೇಳಿಸಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹತ್ತಿರ ಹೋದೆ.

"ಹೇಗಾಯ್ತು ಮಾವ?"

"ಲಾಯ್ಕಾಯ್ತು. ತಾಳಮದ್ದಳೆದು ಕೇಳಿದ್ರೆ ಅಪ್ಪ ಅವಲಕ್ಕಿ ಬಿಟ್ಟು ಎದ್ದು ಬರ್ತಿದ್ರು" ಎಂದು ನಕ್ಕರು. ಹೆಡ್‌ಫೋನಿನ ಲೆಕ್ಕ ನಾನು ಹಿಡಿದಿರಲಿಲ್ಲ. ಮಾವ ವಯರಿನ ಗಂಟು ಬಿಡಿಸುತ್ತಾ ಮುಂದುವರಿಸಿದರು. "ಆ ಅಮ್ಮ ಕೇಳಿದ್ರಲ್ಲ, ಆಗ ನಿನ್ನ ಸ್ವರ ತೀರಾ ತಗ್ಗಿತು ಆಯ್ತಾ. ಹಿಂದೆ ಕೂತವರಿಗೆ ಕೇಳ್ಲಿಕ್ಕಿಲ್ಲಾಂತ ನಾನೇ ಸ್ವಲ್ಪ ಏರಿಸಿದೆ. ಎಲ್ಲರಿಗೂ ಕೇಳಿತು."

ಸುತ್ತಿದ ವಯರನ್ನು ಪೆಟ್ಟಿಗೆಗೆ ಹಾಕಿ ಮಾವ ಇನ್ನೊಂದನ್ನು ಎತ್ತಿಕೊಂಡರು.

"ಮತ್ತೆ ಒಂದು. 'ಇಲ್ಲ' ಅಂದ್ರೆ ಸಾಕಿತ್ತು. 'ಪೂರ್ತಿ ಕಲ್ಪನೆ' ಅಂತ ಸೇರಿಸಿದೆಯಲ್ಲ, ಅಲ್ಲಿ ಒಂದು ಪೆಟ್ಟು ಹೆಚ್ಚಾಯ್ತು." ಅವರ ಮಾತಿನಲ್ಲಿ ಕೋಪ ಇರಲಿಲ್ಲ. ಸ್ಟೂಲಿನ ಎದುರು ಕೂತು ಹೇಳುವ ಹಾಗೆಯೇ ಹೇಳಿದರು. ಆಮೇಲೆ ವಯರಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಇದನ್ನು ಸ್ವಲ್ಪ ಹಿಡಿ" ಎಂದರು.

ಹಿಡಿದು ನಿಂತೆ. ಅವರು ಆ ತುದಿಯಿಂದ ಸುತ್ತುತ್ತಾ ಸುತ್ತುತ್ತಾ ನನ್ನ ಹತ್ತಿರಕ್ಕೆ ಬಂದರು. "ತಪ್ಪಾಯ್ತು ಮಾವ" ಎಂದೆ. ಹೇಳಿದ್ದು ಎಡಗಿವಿಯ ಬದಿಯಲ್ಲಿ ನಿಂತು. ಅವರು "ಹಾಂ?" ಎಂದರು. ಬಲಗಿವಿಯ ಬದಿಗೆ ಹೋಗಿ ಇನ್ನೊಮ್ಮೆ ಹೇಳುವ ಧೈರ್ಯ ನನಗೆ ಬರಲಿಲ್ಲ. "ಊಟಕ್ಕೆ ಬನ್ನಿ" ಎಂದೆ. ಅವರು "ಇಲ್ಲ, ಪ್ರಾಕ್ಟೀಸ್ ಉಂಟು" ಎಂದು ಪೆಟ್ಟಿಗೆಗಳನ್ನು ಜೀಪಿಗೆ ಹಾಕಿಕೊಂಡು ಹೋದರು.

ಈ ಪ್ರಬಂಧವನ್ನು ಮಾವನಿಗೆ ಮೊದಲೇ ತೋರಿಸಿಲ್ಲ. ಸ್ಟೂಲಿನ ಮೇಲೆ ಪೆಟ್ಟು ತಿನ್ನದೆ ಅಚ್ಚಿಗೆ ಹೋಗುತ್ತಿರುವುದು ಇದೊಂದೇ. ಇದನ್ನವರು ರಬ್ಬರ್ ಮರದ ಬುಡದಲ್ಲಿ ಕೂತು, ಕೋಲು ಬಡಿಯುತ್ತಾ ಓದುತ್ತಾರೆ, ನಾಲ್ಕಾರು ಕಡೆ ಕೋಲು ನಿಲ್ಲುತ್ತದೆ. ನಿಲ್ಲಲಿ. ಅಜ್ಜಾವರದವರೂ ಓದುತ್ತಾರೆ. ಓದಲಿ. ಅವತ್ತು ಮೂರನೆಯ ಸಾಲಿನಲ್ಲಿ ಎದ್ದು ನಿಂತು ಕೇಳಿದ ಅಮ್ಮಾ, ನೀವು ಎಲ್ಲಿದ್ದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರವನ್ನು ತಿದ್ದಿಕೊಳ್ಳಿ.

ಇದ್ದಾರೆ.