ತೊಳೆಯದೆ ಬಿಟ್ಟ ಗಾಜು

ಎಕ್ಸೆಟರ್ ಊರಿನ ಟ್ರೆಮ್ಲೆಟ್ ಮನೆತನಕ್ಕೆ ಬಾರದ ವಿದ್ಯೆಯೇ ಇರಲಿಲ್ಲ! ಮಗಳು ಅಟ್ಟದ ಕಿಟಕಿಯಲ್ಲಿ ಧೂಮಕೇತು ಹುಡುಕುತ್ತಿದ್ದಳು. ಮಗ ಸಕ್ಕರೆ ಡಬ್ಬಿಯಲ್ಲಿ ಜೀರುಂಡೆ ಸಾಕುತ್ತಿದ್ದ. ಹೆಂಡತಿ ಲವೀನಿಯಾ ಗಾಜಿನ ಮೇಲೆ ಫೋಟೊ ಮೂಡಿಸುತ್ತಿದ್ದಳು. ಯಜಮಾನ ಆಂಬ್ರೋಸ್ ಮಾತ್ರ ಹನ್ನೊಂದು ವಿದ್ಯೆಗಳನ್ನು ಅರ್ಧಂಬರ್ಧ ಕಲಿತು, ಈಗ ಜರೀಗಿಡಗಳಿಗೆ ಗಂಟುಬಿದ್ದಿದ್ದ.

"ಈ ವಾರ ಜರೀಗಿಡಕ್ಕೆ ಗಾಜಿನ ಮನೆ ಕಟ್ಟಿ ಮುಗಿಸ್ತೀನಿ. ನಾನೊಬ್ನೇ!" ಎಂದು ತಿಂಡಿಯ ಹೊತ್ತಿಗೆ ಘೋಷಿಸಿದ.

"ನೀವು? ಮುಗಿಸ್ತೀರಾ?" ಲವೀನಿಯಾ ಟೀ ಬಗ್ಗಿಸುತ್ತಲೇ ನಕ್ಕಳು. "ನಮ್ಮಮ್ಮ ಮದುವೆ ದಿನವೇ ಹೇಳಿದ್ಲು, ಹುಡುಗ ಒಳ್ಳೆಯವನು, ಆದ್ರೆ ಹಿಡಿದ ಕೆಲಸ ಒಂದನ್ನೂ ಮುಗಿಸೋನಲ್ಲ ಅಂತ!"

ಅತ್ತೆ ತೀರಿಕೊಂಡು ಮೂರು ವರ್ಷವಾಗಿದ್ದರೂ ಆ ಮಾತಿಗೆ ಮಾತ್ರ ಸಾವಿರಲಿಲ್ಲ. ಆಂಬ್ರೋಸನ ಪೌರುಷ ಕೆರಳಿತು.

ಹಳೆಯ ಫೋಟೊ ಗಾಜನ್ನು ಬಟ್ಟೆ ಸೋಡಾ ಕರಗಿಸಿದ ನೀರಲ್ಲಿ ಉಜ್ಜಿದರೆ ಚಿತ್ರ ಹೋಗಿ ಗಾಜು ಕಿಟಕಿಗಾಗುತ್ತದೆ; ಊರ ತೋಟಗಾರರೆಲ್ಲ ಮಾಡುವುದೇ ಅದು. ಲವೀನಿಯಾ ಬೇಡವೆಂದು ಬಿಟ್ಟಿದ್ದ ಫೋಟೊ ಗಾಜಿನ ಪೆಟ್ಟಿಗೆ ಖಾಲಿಯಾಯಿತು. ಸಾಲಲಿಲ್ಲ. ಪಕ್ಕದ್ದನ್ನೂ ತೆರೆದ.

ಶನಿವಾರ ಮಧ್ಯಾಹ್ನ ಗಾಜಿನ ಮನೆ ನಿಂತಿತು! ಲವೀನಿಯಾ ಒಳಗೆ ಕಾಲಿಟ್ಟವಳೇ ಕೇಳಿದಳು, "ಎಷ್ಟು ಪೆಟ್ಟಿಗೆ ಹಿಡೀತು?"

"ಎರಡೇ!"

"ಮಿಸ್ಟರ್ ಟ್ರೆಮ್ಲೆಟ್!" ಕೋಪ ಬಂದಾಗಷ್ಟೇ ಅವಳು ಗಂಡನನ್ನು ಹೀಗೆ ಕರೆಯುತ್ತಿದ್ದಳು. "ಎರಡನೇದ್ರಲ್ಲಿ ಅಮ್ಮ ಇದ್ಲು!"

ಆ ತಾಯಿ ಜನ್ಮದಲ್ಲಿ ಒಂದೇ ಸಲ ಕ್ಯಾಮೆರಾ ಮುಂದೆ ಕೂತಿದ್ದಳು. ಕಾಗದದ ಪ್ರತಿಯನ್ನು ಮಗನ ಜೀರುಂಡೆಗಳು ಎಂದೋ ತಿಂದು ಮುಗಿಸಿದ್ದವು. ಲವೀನಿಯಾ ಬೈಯಲಿಲ್ಲ. ಬೋರಲು ಹಾಕಿದ ಕುಂಡದ ಮೇಲೆ ಕೂತು ಅತ್ತಳು.

ಆಗ ಮೋಡ ಸರಿದು ಬಿಸಿಲು ಬಂತು. ಛಾವಣಿಯ ಮೂಲೆಯ ಗಾಜಿನಲ್ಲಿ, ನೆಗೆಟಿವ್‌ನಲ್ಲಿ ಕಾಣುವಂತೆ ಕಪ್ಪು ಟೋಪಿ ಬೆಳ್ಳಗಾಗಿ, ಬಿಳಿ ಮುಖ ಕಪ್ಪಗಾಗಿ, ಅತ್ತೆ ತುಟಿ ಬಿಗಿದು ಜರೀಗಿಡಗಳನ್ನು ನೋಡುತ್ತಿದ್ದಳು!

"ಅಮ್ಮಾ!" ಲವೀನಿಯಾ ಎದ್ದು ನಿಂತಳು. "ಇದೊಂದನ್ನ ಯಾಕೆ ತೊಳೀಲಿಲ್ಲ?"

ಆಂಬ್ರೋಸ್ ತಲೆ ತಗ್ಗಿಸಿದ. "ಕೊನೇದಾಗಿತ್ತು. ಸೊಂಟ ನೋವು. ಯಾರು ನೋಡ್ತಾರೆ ಅಂತ ಹಾಗೇ ಕೂರಿಸಿಬಿಟ್ಟೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಸೋಡಾದಿಂದ ಒರಟಾದ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಸದ್ಯ, ಆಂಬ್ರೋಸ್! ಅಮ್ಮನ ಮಾತನ್ನ ನೀವು ಸುಳ್ಳು ಮಾಡ್ಲಿಲ್ಲ!"

ಅವನು ಹಿರಿಹಿರಿ ಹಿಗ್ಗಿ, ಅತ್ತೆಗೆ ಹ್ಯಾಟು ತೆಗೆದು ವಂದಿಸಿ, ಏಣಿ ತಂದ. "ಈಗಲೇ ಬಿಚ್ಚಿ ಇಳಿಸಿ ಕೊಡ್ತೀನಿ!"

"ಖಂಡಿತ ಬೇಡ! ನಾನೇ ಹತ್ತಿ ಇಳಿಸ್ತೀನಿ. ನೀವು ಏಣಿ ಹಿಡ್ಕೊಂಡಿರಿ ಸಾಕು," ಎಂದ ಲವೀನಿಯಾ ಎರಡು ಮೆಟ್ಟಿಲು ಹತ್ತಿ, ತಿರುಗಿ ನೋಡಿದಳು. "ಆದ್ರೆ ನಾನು ಇಳಿಯೋವರೆಗೂ ಹಿಡ್ಕೊಂಡಿರ್ಬೇಕು!"