ಕರಡಿ ಮೇಲೆ ಬಂದ ಶನಿವಾರ

ಮಕ್ಕಳಿಗೆ ಕಥೆ ಹೇಳುವುದು ಏನು ಮಹಾ ಕೆಲಸ ಎಂದುಕೊಂಡವರಲ್ಲಿ ನನ್ನದೊಂದು ವಿನಂತಿ: ಒಂದು ಸಲ ಹೇಳಿ ನೋಡಿ. ದೊಡ್ಡವರಾದರೆ ಬೇಸರವಾದರೂ ಮರ್ಯಾದೆಗೆ ತಲೆಯಾಡಿಸುತ್ತಾರೆ. ಮಕ್ಕಳಿಗೆ ಅಂಥ ದಾಕ್ಷಿಣ್ಯವಿಲ್ಲ. ಎದುರಿಗೇ ಆಕಳಿಸುತ್ತಾರೆ, ಪಕ್ಕದವರ ಜಡೆ ಎಳೆಯುತ್ತಾರೆ, ಕಥೆ ಅರ್ಧಕ್ಕೆ ಬರುವ ಮೊದಲೇ ‘ಮುಗೀತಾ ಸಾರ್?’ ಎಂದು ವಿಚಾರಿಸುತ್ತಾರೆ. ನನ್ನ ಈ ಕಲೆಯ ಬಗ್ಗೆ ನನ್ನ ಹೆಂಡತಿಗೆ ಮದುವೆಯಾದ ಹೊಸತರಲ್ಲೇ ಖಚಿತ ಅಭಿಪ್ರಾಯವಿತ್ತು. ಬೂದಿಕೋಟೆ ಕಡೆಯ ರೈತರ ಮನೆಯ ಹೆಣ್ಣು, ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. “ನೀವು ಕತೆ ಯೋಳಿದ್ರೆ ಕಟ್ಟಾಕಿರೋ ಎಮ್ಮೇನೂ ಮನಿಕ್ಕಂತದೆ” ಎಂದುಬಿಟ್ಟಳು. ಅವಳ ತವರಿನ ಎಮ್ಮೆಗಳು ಮೊದಲೇ ನಿದ್ದೆಬಡುಕವು ಎಂದು ನಾನು ಸಮಾಧಾನ ಮಾಡಿಕೊಂಡೆ.

ಇಂಥ ನಾನು ಐವತ್ತರ ದಶಕದ ಕೊನೆಯಲ್ಲಿ ಚಿನ್ನದ ಗಣಿಗಳ ಊರಾದ ರಾಬರ್ಟ್‌ಸನ್‌ಪೇಟೆಯ ಒಂದು ಪುಟ್ಟ ಸಾರ್ವಜನಿಕ ಗ್ರಂಥಾಲಯದ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಮುಂದಿನ ಕೋಣೆಯಲ್ಲಿ ಪತ್ರಿಕೆ ಓದುವ ಹಿರಿಯರು, ಹಿಂದಿನ ಕೋಣೆಯಲ್ಲಿ ಮಕ್ಕಳ ಪುಸ್ತಕಗಳು. ಆ ಹಿಂದಿನ ಕೋಣೆಯ ಬೀರುವನ್ನು ತೆರೆಸುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಬೀಗ ಹಾಕಿದ ಬೀರುವಿನ ಗಾಜಿಗೆ ಮೂಗು ಒತ್ತಿ ಬಣ್ಣದ ಚಿತ್ರ ನೋಡಿಕೊಂಡು ಹೋಗುತ್ತಿದ್ದ ಮಕ್ಕಳನ್ನು ಕಂಡಾಗಲೆಲ್ಲ ಹೋಗಿ ಮೇಲಿನವರ ಹತ್ತಿರ ಬೀಗದ ಕೈ ಕೇಳುತ್ತಿದ್ದೆ. ಕೊನೆಗೆ ಬೀಗ ತೆಗೆಸಿ, ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ, ಶನಿವಾರ ಮಧ್ಯಾಹ್ನ ಕಥೆಯ ಹೊತ್ತು ಎಂದು ಸಾರಿದೆ.

ಮಕ್ಕಳು ಬಂದರು. ಆದರೆ ನಮ್ಮೂರು ಎಂಥದ್ದು! ಅರ್ಧದಷ್ಟು ಮಕ್ಕಳ ಮನೆಮಾತು ತಮಿಳು, ಕೆಲವರದು ತೆಲುಗು, ಉಳಿದವರದು ಕನ್ನಡ. ಹಾಗಾಗಿ ಒಂದು ಏರ್ಪಾಡಾಯಿತು. ಪುಸ್ತಕ ಹಿಡಿದು ನಾನು ಒಂದಿಷ್ಟು ಕನ್ನಡದಲ್ಲಿ ಹೇಳುವುದು. ಅದನ್ನು ಮೈಸೂರು ಮೈನ್ಸ್ ಎಂಬ ಗಣಿಯ ಕಡೆಯ ಸೆಲ್ವಿ ಎಂಬ ಹುಡುಗಿ ತಮಿಳಿನಲ್ಲಿ ಹೇಳುವುದು. ಆಮೇಲೆ ಪಾಪಯ್ಯ ಎಂಬ ಹುಡುಗ ತೆಲುಗಿನಲ್ಲಿ. ಒಂದೇ ನಗೆ ಮೂರು ಕಂತಿನಲ್ಲಿ ಬರುತ್ತಿತ್ತು. ಎಲ್ಲ ಭಾಷೆಯೂ ಬಲ್ಲ ಮಕ್ಕಳು ಮೂರು ಸಲವೂ ನಗುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದ ನಗೆಯೇ ಎಲ್ಲಕ್ಕಿಂತ ಚಿಕ್ಕದು ಎಂಬುದನ್ನು ನಾನು ಗಮನಿಸದೆ ಇರಲಿಲ್ಲ.

ಒಂದು ಶನಿವಾರ ಕರಡಿಯ ಕಥೆ. ಜೇನಿನ ಆಸೆಗೆ ಕರಡಿಯೊಂದು ಹಗ್ಗ ಹಿಡಿದು ಪಾಳುಬಾವಿಗೆ ಇಳಿಯುತ್ತದೆ, ಹಗ್ಗ ಹರಿಯುತ್ತದೆ, ಅತಿಯಾಸೆ ಮಾಡಿದೆನಲ್ಲಾ ಎಂದು ಅಳುತ್ತಾ ಅಲ್ಲೇ ಉಳಿಯುತ್ತದೆ. ಪುಸ್ತಕದಲ್ಲಿ ಇದ್ದದ್ದು ಅಷ್ಟೆ, ನಾನು ಹೇಳಿದ್ದೂ ಅಷ್ಟೆ. ಸೆಲ್ವಿಯ ತಮಿಳಿನಲ್ಲಿ ಬಾವಿ ಹೋಗಿ ಗಣಿಯಾಯಿತು. ಗಣಿಯವರು ಕರಡಿಯ ತಲೆಗೆ ತಮ್ಮ ಗಣಿಯ ಟೋಪಿ ತೊಡಿಸಿ, ತಾವು ಹತ್ತಿ ಇಳಿಯುವ ಕೇಜೆಂಬ ಕಬ್ಬಿಣದ ಪಂಜರದಲ್ಲೇ ಕೂರಿಸಿ ಮೇಲಕ್ಕೆ ತಂದರು. ಪಾಪಯ್ಯನ ಅಪ್ಪ ಮದುವೆಮನೆಗಳ ಅಡಿಗೆಯವರು. ಅವನ ತೆಲುಗಿನಲ್ಲಿ ಮೇಲೆ ಬಂದ ಕರಡಿಗೆ ಮದುವೆಯೂ ಆಗಿ, ಲಾಡು ಬಡಿಸುವ ಹೊತ್ತಿಗೆ ಕೋಣೆಯ ಹೆಂಚು ಹಾರುವಷ್ಟು ಗಲಾಟೆಯಾಯಿತು.

ಗ್ರಂಥಾಲಯದ ಕಾರ್ಯದರ್ಶಿ ರಾಮಚಂದ್ರಯ್ಯನವರು ಮುಂದಿನ ಕೋಣೆಯಿಂದ ಪತ್ರಿಕೆ ಮಡಚಿಕೊಂಡೇ ಬಂದರು. “ಏನ್ರೀ ನಾರಾಯಣಪ್ಪ, ಇದು ಗ್ರಂಥಾಲಯವೋ ಸಂತೆಯೋ? ಬರೋ ಶನಿವಾರ ನಾನೇ ಬಂದು ಕೂತ್ಕೋತೀನಿ. ಸದ್ದಾಯ್ತೋ, ಪುಸ್ತಕ ಬೀರುವಿಗೆ, ಬೀರುವಿಗೆ ಬೀಗ, ಈ ಕೋಣೆ ನಮಗೆ.”

ಆ ವಾರ ನನಗೆ ಅನ್ನ ಸೇರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಅಂಗಲಾಚಿದೆ: ಕಥೆ ಬೇಡ, ಒಬ್ಬೊಬ್ಬರು ಒಂದೊಂದು ಪುಸ್ತಕ ಹಿಡಿದು ಉಸಿರೆತ್ತದೆ ಕೂರಬೇಕು, ಬಾಯಿ ತೆರೆದರೆ ಬೀರು ಮುಚ್ಚುತ್ತದೆ. ಶನಿವಾರ ರಾಮಚಂದ್ರಯ್ಯನವರು ಕುರ್ಚಿ ಹಾಕಿಸಿಕೊಂಡು ಕುಳಿತರು. ಮಕ್ಕಳು ಎಷ್ಟು ಗಪ್‌ಚುಪ್ ಆಗಿದ್ದರೆಂದರೆ ನನಗೇ ಭಯವಾಯಿತು. ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ನೋಡಿದರು, ಕೆಮ್ಮಿದರು, ಕುರ್ಚಿಯಲ್ಲೇ ಅತ್ತ ಇತ್ತ ಹೊರಳಿದರು. “ಯಾಕ್ರೀ, ಮಕ್ಕಳಿಗೆಲ್ಲ ಹುಷಾರಿಲ್ವಾ?” ಎಂದರು. ಇದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯದೆ ನಾನು ಹಲ್ಲು ಕಿರಿದೆ.

ಆಮೇಲೆ ಅವರು ತಡೆಯಲಾರದೆ ಸೆಲ್ವಿಯತ್ತ ತಿರುಗಿದರು. “ಏ ಹುಡುಗಿ, ಹೋದ ಶನಿವಾರ ಕರಡಿ ಬಾವಿಯಲ್ಲೇ ಉಳೀತು ಅಂತ ಇವರು ಕನ್ನಡದಲ್ಲಿ ಹೇಳಿದ್ರು. ನೀನು ಮೇಲೆ ತಂದೆ. ಪುಸ್ತಕದಲ್ಲಿ ಇಲ್ಲದ್ದನ್ನ ಯಾಕೆ ಹೇಳಿದೆ?” ಅಂದರೆ ಈ ಮಹಾನುಭಾವರು ಪತ್ರಿಕೆಯ ಮರೆಯಲ್ಲಿ ಮೂರೂ ಭಾಷೆಯಲ್ಲಿ ಕಥೆ ಕೇಳಿಸಿಕೊಂಡಿದ್ದರು!

ಸೆಲ್ವಿ ನನ್ನ ಮುಖ ನೋಡಿದಳು. ಬಾಯಿ ತೆರೆಯಬಾರದೆಂದು ಅಂಗಲಾಚಿದವನು ನಾನು. ಕಣ್ಣಲ್ಲೇ ಅಪ್ಪಣೆ ಕೊಟ್ಟೆ. “ಎಂಗೆ ಸಾರ್ ಅದನ್ನ ಅಲ್ಲೇ ಬಿಟ್ಟುಟ್ಟು ಬರೋದು? ನಮ್ಮಪ್ಪ ಈಗ ಗಣಿ ಒಳಗೇ ಅವ್ರೆ. ಕೆಳಗೆ ಇಳಿದೋರು ಮೇಲೆ ಬರ್ಲೇಬೇಕಲ್ವಾ?”

ರಾಮಚಂದ್ರಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಆ ಕರಡಿಯನ್ನು ಬಾವಿಯಲ್ಲಿ ಬಿಟ್ಟು ಪುಸ್ತಕ ಮಡಚಿಟ್ಟ ನನ್ನ ಮೇಲೆ ನನಗೇ ಕೋಪ ಬಂತು. “ಸರಿ ಕಣಮ್ಮಾ, ಬರ್ಲೇಬೇಕು” ಎಂದರು ಅವರು ಮೆಲ್ಲಗೆ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಅವರು, “ಅಲ್ಲಾ, ಅಷ್ಟು ದಪ್ಪ ಕರಡಿ ಕೇಜಿನಲ್ಲಿ ಹಿಡಿಯುತ್ತಾ?” ಎಂದು ಕೇಳಿಬಿಟ್ಟರು.

ಮುಗಿಯಿತು. ಹಿಡಿಯುತ್ತೆ, ಹಿಡಿಯಲ್ಲ ಎಂದು ಮೂರು ಭಾಷೆಗಳೂ ಒಟ್ಟಿಗೇ ಎದ್ದು ನಿಂತವು. ಮುಂದಿನ ಕೋಣೆಯ ಹಿರಿಯರು ಪತ್ರಿಕೆ ಬಿಟ್ಟು ಓಡಿಬಂದರು. ಗಣಿಯಲ್ಲಿ ದುಡಿದು ನಿವೃತ್ತರಾಗಿದ್ದ ಒಬ್ಬರು, ಕರಡಿ ಕುಕ್ಕರಗಾಲಲ್ಲಿ ಕೂತರೆ ಜೊತೆಗೆ ಇನ್ನೂ ಇಬ್ಬರು ನಿಲ್ಲಬಹುದೆಂದು ತಾವೇ ಚಾಪೆಯ ಮೇಲೆ ಕುಕ್ಕರಿಸಿ ತೋರಿಸಿದರು. ಪಾಪಯ್ಯ ಮದುವೆಗೆ ಎಲ್ಲರನ್ನೂ ಕರೆದ. ಬೀದಿಯಲ್ಲಿ ಹೋಗುವವರು ಕಿಟಕಿಗೆ ಮುತ್ತಿದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ರಾಮಚಂದ್ರಯ್ಯನವರು. ಆ ಗದ್ದಲದಲ್ಲೇ, ಹಾಕಿಸಲೆಂದು ಜೇಬಿನಲ್ಲಿ ತಂದಿದ್ದ ಬೀರುವಿನ ಬೀಗವನ್ನು ನನ್ನ ಕೈಗೆ ತುರುಕಿ, “ಇದನ್ನ ಎಲ್ಲಾದ್ರೂ ಎಸೀರಿ” ಎಂದರು. ನನ್ನ ಜೀವನದಲ್ಲಿ ಅಂಥ ಗೆಲುವು ಹಿಂದೆ ಕಂಡಿರಲಿಲ್ಲ. ಎದೆಯುಬ್ಬಿಸಿ ನಿಂತಿದ್ದೆ.

ಬಾಗಿಲು ದಾಟುವಾಗ ಅವರು ಹಿಂದಿರುಗಿ ನೋಡಿದರು. “ಇನ್ಮೇಲೆ ಪ್ರತಿ ಶನಿವಾರ ಕಥೆ ಇರಲಿ. ಸೆಲ್ವಿ ಹೇಳಲಿ, ಪಾಪಯ್ಯ ಹೇಳಲಿ. ಕನ್ನಡದ್ದನ್ನ ನಾನೇ ನೋಡ್ಕೋತೀನಿ.”

“ನಾನು, ಸಾರ್?” ಎಂದೆ.

ಅವರು ಬಾಗಿಲ ಹೊರಗೆ ನೋಡಿದರು. ಅಲ್ಲಿ ಊರಿನವರೆಲ್ಲ ಬಿಟ್ಟ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. “ಇವನ್ನ ಯಾರಾದ್ರೂ ಕಾಯ್ಬೇಕಲ್ರೀ” ಎಂದರು.